ಅಡ್ಡೆಯ ಮುಂದಿನ ಹೆಗಲು

ಗಿಡ್ಡಯ್ಯನಿಂದ ಕುಡಿಯುವುದಿಲ್ಲವೆಂದು ಆಣೆ ಮಾಡಿಸದೆ ಬಿಟ್ಟ ದೇವರು ಹಂದನಕೆರೆ ಸುತ್ತಿನಲ್ಲಿ ಒಂದೂ ಉಳಿದಿರಲಿಲ್ಲ. ಹೆಂಡತಿ ಸಿದ್ದಕ್ಕ ಒಂದೊಂದೇ ಗುಡಿಗೆ ಕರೆದೊಯ್ಯುತ್ತಿದ್ದಳು. ಅವನು ಉರಿಯುವ ಕರ್ಪೂರದ ಮೇಲೆ ಕೈಯಿಟ್ಟು ಆಣೆ ಮಾಡುತ್ತಿದ್ದ, ಸ್ವಲ್ಪ ಕಾಲ ನೆಟ್ಟಗಿರುತ್ತಿದ್ದ, ಆಮೇಲೆ ಕುಡಿಯುತ್ತಿದ್ದ. ಕುಡಿದ ಮೇಲೆ ಆಣೆ ತಪ್ಪಿದ ಭಯಕ್ಕೆ ಜ್ವರ ಬರುತ್ತಿತ್ತು. ಆಗ ಸಿದ್ದಕ್ಕನೇ ಅದೇ ಗುಡಿಗೆ ಹೋಗಿ, ತಪ್ಪು ಕಾಣಿಕೆ ಹಾಕಿ, ಆಣೆಯನ್ನು ಬಿಡಿಸಿಕೊಂಡು ಬರಬೇಕು. ಆಣೆ ಬಿಟ್ಟಿತೆಂದು ಕೇಳಿದ ಕೂಡಲೇ ಜ್ವರ ಇಳಿಯುತ್ತಿತ್ತು. ಜ್ವರ ಇಳಿದವನು ಎದ್ದು ಬ್ರಾಂದಿ ಅಂಗಡಿಯ ದಾರಿ ಹಿಡಿಯುತ್ತಿದ್ದ.

“ಕುಡಿಯೋರು ಇವ್ರು, ತಪ್ಪಾಯ್ತು ತಾಯಿ ಅಂತ ಕೆನ್ನೆ ಬಡ್ಕಳೋಳು ನಾನು,” ಎಂದು ಸಿದ್ದಕ್ಕ ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. “ದೇವ್ರುಗಳೇ ಮುಗುದೋದ್ವು. ಇನ್ಯಾರ ಮೇಲೆ ಆಣೆ ಹಾಕಿಸ್ಲಿ, ತಹಸೀಲ್ದಾರ್ರ ಮೇಲಾ?”

ಬೇರೆ ಉಪಾಯಗಳೂ ಆಗಿದ್ದವು. ಯಾರೋ ಹೇಳಿದರೆಂದು ತರಿಸಿದ ಪುಡಿಯೊಂದನ್ನು ಸಾರಿಗೆ ಬೆರೆಸಿ ಮುದ್ದೆಯ ಜೊತೆ ಬಡಿಸಿದಳು. ಅವನು ವಾಂತಿ ಮಾಡಿಕೊಂಡ, ಸಾರು ಹಳಸಿದೆ ಎಂದು ಬೈದ, ಬಾಯಿ ತೊಳೆದುಕೊಂಡು ಕುಡಿಯಲು ಹೋದ. ಮಾಲೆ ಹಾಕಿಸಿದಳು. ವ್ರತದ ಉದ್ದಕ್ಕೂ ತಣ್ಣೀರು ಮಿಂದು ಭಜನೆ ಮಾಡಿದವನು, ಬೆಟ್ಟದಿಂದ ಬಂದು ಮಾಲೆ ತೆಗೆದ ಸಂಜೆಯೇ ಚರಂಡಿಯ ಪಕ್ಕ ಸಿಕ್ಕಿದ.

ಗಿಡ್ಡಯ್ಯನ ಕಸುಬು ಕಾಯಿ ಸುಲಿಯುವುದು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಕುಕ್ಕಿ, ಇತ್ತ ಒಮ್ಮೆ ಅತ್ತ ಒಮ್ಮೆ ತಿರುಚಿದನೆಂದರೆ ಮಟ್ಟೆ ಬಿಟ್ಟುಕೊಳ್ಳುತ್ತಿತ್ತು. ಬಿಳಿಗೆರೆಯ ಕಡೆಯಿಂದಲೂ ಮಾಯಸಂದ್ರದ ಕಡೆಯಿಂದಲೂ ತೋಟದವರು ಅವನ ತಂಡಕ್ಕೆ ಹೇಳಿ ಕಳಿಸುತ್ತಿದ್ದರು. ಕೆಲಸ ಮುಗಿದ ಸಂಜೆ ಕೂಲಿಯ ಜೊತೆಗೆ ತಲೆಗೊಂದು ವಿಸ್ಕಿ ಪ್ಯಾಕೆಟ್ ಕೊಡುವುದು ನಮ್ಮ ಕಡೆ ರೂಢಿ. ಬೇಡವೆಂದರೆ ತೋಟದವರಿಗೇ ಮುನಿಸು. “ಯಾಕ್ಲಾ, ನಮ್ಮನೇದು ನಿಂಗೆ ಸೇರಲ್ವಾ?” ಎನ್ನುತ್ತಾರೆ. ಹೀಗೆ ಶುರುವಾದ ಕುಡಿತ, ಕೆಲಸವಿಲ್ಲದ ದಿನಗಳಿಗೂ ಹಬ್ಬಿತ್ತು.

ಮಂಗಳವಾರ ಮಾತ್ರ ಅವನು ಬೇರೆ ಮನುಷ್ಯ. ನಮ್ಮೂರ ಕಟ್ಟೆಯಮ್ಮ ಅಡ್ಡೆಯ ದೇವರು. ಎರಡು ಉದ್ದನೆಯ ಗಳುಗಳ ನಡುವೆ ಅಮ್ಮನನ್ನು ಕೂರಿಸಿ, ಸೀರೆ ಹೂವು ಮುಡಿಸಿ, ಮುಂದೊಬ್ಬ ಹಿಂದೊಬ್ಬ ಹೆಗಲು ಕೊಟ್ಟು ಹೊರುತ್ತಾರೆ. ಮಂಗಳವಾರ ಮಧ್ಯಾಹ್ನ ಜನ ಗುಡಿಯ ಮುಂದೆ ಕೈಮುಗಿದು ತಮ್ಮ ಕಷ್ಟ ಕೇಳುತ್ತಾರೆ. ಅಡ್ಡೆ ಮುಂದಕ್ಕೆ ನುಗ್ಗಿದರೆ ಹೌದು, ಹಿಂದಕ್ಕೆ ಸರಿದರೆ ಇಲ್ಲ. ಕದಲದೆ ನಿಂತರೆ ಅಮ್ಮನಿಗೆ ಹೇಳುವ ಮನಸ್ಸಿಲ್ಲ, ಇನ್ನೊಂದು ವಾರ ಬರಬೇಕು. ಹೊತ್ತವರು ತಾವಾಗಿ ಒಂದು ಹೆಜ್ಜೆಯನ್ನೂ ಇಡಬಾರದು. ಅದಕ್ಕಿಂತ ದೊಡ್ಡ ತಪ್ಪು ನಮ್ಮೂರಲ್ಲಿ ಇಲ್ಲ. ಮುಂದಿನ ಹೆಗಲು ಗಿಡ್ಡಯ್ಯನ ಮನೆತನದ್ದು. ಅಪ್ಪ ಗಳು ಬಿಟ್ಟುಕೊಟ್ಟ ದಿನ, “ಹೆಗಲು ಮಾತ್ರ ನಿಂದು ಕಣ್ಲಾ, ಕಾಲು ಅಮ್ಮಂದು,” ಎಂದು ಹೇಳಿದ್ದನಂತೆ. ಹಾಗಾಗಿ ಸೋಮವಾರ ಸಂಜೆಯಿಂದ ಮಂಗಳವಾರ ಅಮ್ಮ ಗುಡಿ ಸೇರುವವರೆಗೆ ಗಿಡ್ಡಯ್ಯ ಹನಿ ಮುಟ್ಟುತ್ತಿರಲಿಲ್ಲ. ಅದೊಂದನ್ನು ಅವನು ಯಾವ ಆಣೆಯೂ ಇಲ್ಲದೆ ಪಾಲಿಸುತ್ತಿದ್ದ.

ಹಿಂದಿನ ಹೆಗಲು ತಿಮ್ಮಯ್ಯನದು. ಗಿಡ್ಡಯ್ಯನ ತಂಡದಲ್ಲೇ ಮಟ್ಟೆ ತುಂಬುವ ಕೆಲಸ ಮಾಡುವವನು, ಕುಡಿಯದವನು, ಕುಳ್ಳ. ಹೆಸರು ಗಿಡ್ಡಯ್ಯ ಎಂದಿದ್ದರೂ ಮುಂದಿರುವವನು ಬಲು ಎತ್ತರದವನು. ಅಮ್ಮನ ಭಾರವೆಲ್ಲ ಹಿಂದಕ್ಕೆ ಜಾರಿ ತಿಮ್ಮಯ್ಯನ ಮೇಲೆ ಬೀಳುತ್ತಿತ್ತು. “ಸ್ವಲ್ಪ ಬಗ್ಗಲಾ ತೆಂಗಿನಮರ,” ಎಂದು ಅವನು ಹಲ್ಲು ಕಚ್ಚಿ ಗೊಣಗುವುದು ಸಾಲಿನಲ್ಲಿ ನಿಂತವರಿಗೂ ಕೇಳಿಸುತ್ತಿತ್ತು.

ಒಂದು ಮಂಗಳವಾರ ಸಿದ್ದಕ್ಕ ಯಾರಿಗೂ ಹೇಳದೆ ಬಂದು ಆ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಗಂಡನ ಮುಖ ನೋಡಲಿಲ್ಲ, ಅಮ್ಮನ ಮುಖವನ್ನೇ ನೋಡಿ ಕೇಳಿದಳು:

“ತಾಯಿ, ನಿನ್ನ ಹೊತ್ಕಂಡಿರೋ ಈ ಮನುಷ್ಯ ಕುಡಿಯೋದು ಬುಡ್ತಾರಾ ಇಲ್ವಾ, ಒಂದು ಹೇಳ್ಬುಡು. ಬುಡಲ್ಲ ಅನ್ನಂಗಿದ್ರೆ ಅದ್ನೂ ಹೇಳ್ಬುಡು. ಆಸೆ ಇಟ್ಕಳದಾದ್ರೂ ಬುಡ್ತೀನಿ.”

ಅಡ್ಡೆ ಕದಲಲಿಲ್ಲ. ಸಿದ್ದಕ್ಕ ಮುಗಿದ ಕೈ ಇಳಿಸದೆ ನಿಂತೇ ಇದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಪೂಜಾರಪ್ಪ “ಮುಂದಿನ ವಾರ ಬಾರಮ್ಮ” ಎನ್ನಬೇಕು, ಅಷ್ಟರಲ್ಲಿ ಅಡ್ಡೆ ದಡಕ್ಕನೆ ಮುಂದಕ್ಕೆ ನುಗ್ಗಿ ಅವಳ ಎದೆಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಜನ “ಅಮ್ಮಾ, ತಾಯೀ” ಎಂದು ಕೂಗಿದರು. ಸಿದ್ದಕ್ಕ ಅಲ್ಲೇ ಕುಸಿದು ಕೂತು ಅತ್ತಳು, ಎದ್ದು ಎಲ್ಲರಿಗೂ ಮಂಡಕ್ಕಿ ಬೆಲ್ಲ ಹಂಚಿದಳು.

ಅಮ್ಮನನ್ನು ಒಳಗಿಟ್ಟು ಬಂದ ಕೂಡಲೇ ಗುಡಿಯ ಹಿಂದೆ ಹೊತ್ತವರ ಜಗಳ ಶುರುವಾಯಿತು.

“ನೀನು ಎಳ್ದೆ ಕಣ್ಲಾ,” ಎಂದ ತಿಮ್ಮಯ್ಯ.

“ನಾನ್ಯಾಕೆ ಎಳೀಲಿ? ನೀನು ನೂಕ್ದೆ.”

“ನಾನ್ಯಾಕೆ ನೂಕ್ಲಿ? ಕೇಳಿದ್ದು ನನ್ನ ಹೆಂಡ್ತೀನಾ?”

“ಹಂಗಾದ್ರೆ ಅಮ್ಮನೇ ನಡೆದ್ಲು ಬುಡು.”

“ಸರಿ, ಅಮ್ಮನೇ ನಡೆದ್ಲು,” ಎಂದ ತಿಮ್ಮಯ್ಯ. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಾ ಮನೆಗೆ ಹೋದರು.

ಇಲ್ಲಿಂದ ಮುಂದೆ ನಡೆದದ್ದು ಊರಿನ ತಲೆ ಕೆಡಿಸಿತು. ಅಮ್ಮನೇ ಮಾತು ಕೊಟ್ಟಿರುವಾಗ ಗಿಡ್ಡಯ್ಯ ಬಿಡುತ್ತಾನೆಂದು ಎಲ್ಲರೂ ನಂಬಿದ್ದರು. ಗಿಡ್ಡಯ್ಯನೂ ನಂಬಿದ್ದ. ಎಷ್ಟು ನಂಬಿದ್ದನೆಂದರೆ, ತನ್ನ ಪಾಲಿನ ಕೆಲಸ ಏನೂ ಉಳಿದಿಲ್ಲವೆಂದು ಮೊದಲಿಗಿಂತ ಹೆಚ್ಚು ಕುಡಿಯತೊಡಗಿದ.

“ಬುಡ್ತೀಯ ಅಂದವ್ಳೆ ಅಮ್ಮ. ಯಾವತ್ತು ಅಂತ ಅಂದಿಲ್ಲ,” ಎಂದು ಅರಳಿಕಟ್ಟೆಯ ಮೇಲೆ ಕೂತು ವಿವರಿಸುತ್ತಿದ್ದ. “ನಾವು ಆತುರ ಬಿದ್ರೆ ಅಮ್ಮನ್ನ ನಂಬಿಲ್ಲ ಅಂದಂಗಾಗ್ತದೆ.” ಯಾರಾದರೂ ಬೈದರೆ ಅವರನ್ನೇ ತಿರುಗಿ ಕೇಳುತ್ತಿದ್ದ: “ಅಮ್ಮನ ಮಾತು ಸುಳ್ಳಾಗ್ತದೆ ಅಂತೀಯಾ? ಹೇಳು, ಎಲ್ಲರ ಮುಂದೆ ಹೇಳು ನೋಡೋಣ.” ಬೈಯಲು ಹೋದವರು ಬಾಯಿ ಮುಚ್ಚಿಕೊಂಡು ಬರುತ್ತಿದ್ದರು.

“ಬುಡಲ್ಲ ಅಂದಿದ್ರೂ ಇಷ್ಟು ಕೆಡ್ತಿರ್ಲಿಲ್ಲ,” ಎಂದು ಸಿದ್ದಕ್ಕ ಹಣೆ ಚಚ್ಚಿಕೊಂಡಳು. “ನಾನೇ ಹೋಗಿ ಲೈಸೆನ್ಸ್ ಕೊಡಿಸ್ಕಂಡು ಬಂದಂಗಾಯ್ತು.”

ಕಡೆಗೆ ಮಂಗಳವಾರದ ಕಟ್ಟೂ ಮುರಿಯಿತು. ಅಮ್ಮನನ್ನು ಕೆರೆಗೆ ಕರೆದೊಯ್ಯುವ ಮಂಗಳವಾರ ಗಿಡ್ಡಯ್ಯ ಬೆಳಿಗ್ಗೆಯೇ ಒಂದು ಪ್ಯಾಕೆಟ್ ಮುಗಿಸಿ, ಏಲಕ್ಕಿ ಅಗಿದು ಬಂದಿದ್ದ. ಏರಿಯ ಮೇಲೆ ಕಾಲು ಜಾರಿತು. ಅಡ್ಡೆ ಒಂದು ಪಕ್ಕಕ್ಕೆ ವಾಲಿ, ಅಮ್ಮನ ಹೂವು ಕಿರೀಟ ಎರಡೂ ಮಣ್ಣಿಗೆ ಬಿದ್ದವು. ತಿಮ್ಮಯ್ಯ ಮಂಡಿಯೂರಿ, ಎರಡೂ ಗಳು ತಬ್ಬಿಕೊಂಡು, ಅಮ್ಮ ನೆಲ ಮುಟ್ಟದಂತೆ ಹಿಡಿದ. ಅವನ ಮಂಡಿಯ ಚರ್ಮ ಕಿತ್ತು ಬಂದಿತ್ತು. ಗಿಡ್ಡಯ್ಯನ ಬಾಯಿಯ ವಾಸನೆ ಅಷ್ಟರಲ್ಲಿ ಎಲ್ಲರಿಗೂ ತಿಳಿಯಿತು.

ಗುಡಿಯ ಯಜಮಾನಿಕೆ ಗಂಗಾಧರಯ್ಯನವರದು. ಅವರು ಕೂಗಾಡಲಿಲ್ಲ. ಬೇರೊಬ್ಬನ ಹೆಗಲಿಗೆ ಗಳು ಕೊಡಿಸಿ, ಅಮ್ಮನನ್ನು ಗುಡಿ ಸೇರಿಸಿದ ಮೇಲೆ ಗಿಡ್ಡಯ್ಯನನ್ನು ಕರೆದರು.

“ನಿಮ್ಮಪ್ಪ ಹೊತ್ತ ಗಳು ಕಣಪ್ಪ. ನಿನ್ನಿಂದ ಕಿತ್ಕಳದು ನಂಗೇನು ಖುಷಿನಾ? ಕುಡಿಯೋದು ಬುಟ್ಟು ಬಾ. ಯುಗಾದಿ ಹೊತ್ತಿಗೆ ನೆಟ್ಟಗಿದ್ರೆ ಗಳು ನಿಂದು. ಇಲ್ದಿದ್ರೆ ನಿಮ್ಮ ಮನೆಗೆ ಇದು ಮುಗೀತು ಅಂತ ತಿಳ್ಕೋ.”

ಸಿದ್ದಕ್ಕ ಅಡ್ಡ ಬಂದಳು. “ಯಜಮಾನ್ರೇ, ವಾರದಾಗೆ ಒಂದಿನ ಇವ್ರು ಕುಡೀದೆ ಇರ್ತಿದ್ದದ್ದು ಈ ಗಳಿಂದ. ಅದ್ನೂ ಕಿತ್ಕಂಡ್ರೆ ನಂಗೆ ಉಳಿಯೋದೇನು?”

“ಆ ಒಂದಿನಾನೂ ಇವತ್ತು ಕುಡ್ಕಂಡು ಬಂದವ್ನಲ್ಲಮ್ಮ,” ಎಂದರು ಗಂಗಾಧರಯ್ಯ.

ಗಳು ಹೋದ ಅವಮಾನಕ್ಕೆ ಗಿಡ್ಡಯ್ಯ ಮೊದಲು ಹೊಟ್ಟೆ ತುಂಬ ಕುಡಿದ. ಆಮೇಲೆ ಯಾರನ್ನೂ ಕೇಳದೆ ಒಮ್ಮೆಲೇ ನಿಲ್ಲಿಸಿದ. ಕೈ ನಡುಗಿತು, ಬೆವರು ಹರಿಯಿತು, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಬಡಿಯತೊಡಗಿದ. ತಿಮ್ಮಯ್ಯ ಆಟೋ ಮಾಡಿ ಆಸ್ಪತ್ರೆಗೆ ಸೇರಿಸಿದ. ಡಾಕ್ಟರಮ್ಮ ಬೈದ ಬೈಗುಳ ವಾರ್ಡಿಗೆಲ್ಲ ಕೇಳಿಸಿತು: “ಇಷ್ಟು ವರ್ಷ ಕುಡಿದವರು ಹೀಗೆ ತಟ್ಟನೆ ನಿಲ್ಲಿಸಿದರೆ ಜೀವ ಹೋಗುತ್ತೆ. ನಿಲ್ಲಿಸುವುದಕ್ಕೂ ನಮ್ಮನ್ನ ಕೇಳಬೇಕು ಕಣ್ರೀ.” ಮಾತ್ರೆ ಕೊಟ್ಟು, ಚೇತರಿಸಿಕೊಂಡ ಮೇಲೆ ತಿಪಟೂರಿನಲ್ಲಿ ಭಾನುವಾರ ನಡೆಯುವ ಒಂದು ಮೀಟಿಂಗಿಗೆ ಹೋಗಬೇಕೆಂದು ಕಟ್ಟಪ್ಪಣೆ ಮಾಡಿದರು. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರಿ ಮಾತಾಡುವ ಕೂಟವಂತೆ. ಡಾಕ್ಟರು ಇರುವುದಿಲ್ಲ, ಭಾಷಣ ಇರುವುದಿಲ್ಲ.

ಗಿಡ್ಡಯ್ಯ ದಾರಿಯಲ್ಲಿ ಬ್ರಾಂದಿ ಅಂಗಡಿಯ ಮುಂದೆ ಇಳಿದುಬಿಟ್ಟಾನೆಂದು ಸಿದ್ದಕ್ಕ ತಿಮ್ಮಯ್ಯನನ್ನೂ ಜೊತೆಗೆ ಕಳಿಸಿದಳು. ಮೀಟಿಂಗ್ ಒಂದು ಶಾಲೆಯ ಕೊಠಡಿಯಲ್ಲಿ ನಡೆಯುತ್ತಿತ್ತು. ಗಿಡ್ಡಯ್ಯ ಮಕ್ಕಳ ಬೆಂಚಿನ ಮೇಲೆ ಮಂಡಿ ಗದ್ದಕ್ಕೆ ತಾಗುವಂತೆ ಕೂತ. ತಿಮ್ಮಯ್ಯ ಹೊರಗೆ ಮೆಟ್ಟಿಲ ಮೇಲೆ ಎಲೆಯಡಿಕೆ ಹಾಕಿಕೊಂಡು ಕಾದ.

ಮೊದಲ ವಾರ ಬಸ್ಸಿನಲ್ಲಿ ಹಿಂತಿರುಗುವಾಗ ಗಿಡ್ಡಯ್ಯ ಉರಿಯುತ್ತಿದ್ದ. “ಎದ್ದು ನಿಂತ್ಕಂಡು, ನನ್ನ ಹೆಸರು ಗಿಡ್ಡಯ್ಯ, ನಾನು ಕುಡುಕ ಅಂತ ಹೇಳ್ಬೇಕಂತೆ. ಊರೆಲ್ಲ ಅದ್ನೇ ಹೇಳ್ತಾ ಇರ್ಲಿಲ್ವಾ? ಅದ್ಕೆ ಬಸ್ ಹತ್ಕಂಡು ತಿಪಟೂರಿಗೆ ಬರ್ಬೇಕಿತ್ತಾ?”

“ಊರು ಹೇಳಿದ್ದು ನಿನ್ನ ಕಿವಿಗೆ ಬಿದ್ದಿರ್ಲಿಲ್ಲ,” ಎಂದ ತಿಮ್ಮಯ್ಯ.

“ಯಾರು ಎತ್ತ ಅಂತ ಕೇಳಲ್ಲ ಅಂದ್ರು. ಕೂತ್ಕಳ್ತಿದ್ದಂಗೇ ಒಬ್ಬ, ‘ನೀನು ಹಂದನಕೆರೆ ಕಡೆ ಕಾಯಿ ಸುಲಿಯೋನಲ್ವಾ, ನಮ್ಮ ಭಾವನ ತೋಟಕ್ಕೆ ಬಂದಿದ್ದೆ’ ಅಂತ ಶುರು ಹಚ್ಕಂಡ. ಇನ್ನೊಬ್ಬ ನಮ್ಮ ಮನೆದೇವ್ರು ಯಾವ್ದು ಅಂತ ಕೇಳ್ದ. ಇದೆಂಥ ಗುಟ್ಟು?”

ಬೈದುಕೊಂಡೇ ಮತ್ತೆ ಹೋದ. ಏಕೆಂದರೆ ಅಲ್ಲಿ ಅವನಿಗೆ ಶ್ರೀನಿವಾಸ್ ಸಿಕ್ಕಿದ್ದರು. ನಿವೃತ್ತ ಬಸ್ ಕಂಡಕ್ಟರ್. ಕುಡಿದು ಕೆಲಸ ಕಳೆದುಕೊಳ್ಳುವ ಹಂತ ಮುಟ್ಟಿ ತಿರುಗಿ ಬಂದವರು. ಅವರದು ಮೃದು ಸ್ವಭಾವವಲ್ಲ. ಗಿಡ್ಡಯ್ಯನ ಕೆಲಸ ಮುಗಿಯುವ ಹೊತ್ತಿಗೆ ಸರಿಯಾಗಿ ಪ್ರತಿ ಸಂಜೆ ಫೋನ್ ಮಾಡುತ್ತಿದ್ದರು.

“ಪ್ಯಾಕೆಟ್ ಕೊಟ್ರಾ?”

“ಕೊಟ್ರು.”

“ಎಲ್ಲಿದೆ?”

“ತಿಮ್ಮಯ್ಯ ಅದ್ರ ಮೇಲೆ ಕೂತವ್ನೆ.”

“ಫೋನ್ ಅವ್ನಿಗೆ ಕೊಡು.” ತಿಮ್ಮಯ್ಯ, “ಹೂಂ ಸಾರ್, ಕೂತಿದ್ದೀನಿ. ಒತ್ತುತ್ತೆ, ಬೇಗ ಮಾತಾಡಿ,” ಎನ್ನುತ್ತಿದ್ದ.

ಹೀಗೆ ಗಿಡ್ಡಯ್ಯ ನೆಟ್ಟಗಾಗುತ್ತಾ ಬಂದ. ಮುಖದ ಊತ ಇಳಿಯಿತು, ಸುಲಿಯುವ ಕೈ ಮೊದಲಿನಂತೆ ಓಡಿತು. ಮೀಟಿಂಗಿನಲ್ಲಿ, ನಮಗಿಂತ ದೊಡ್ಡದೊಂದು ಶಕ್ತಿಗೆ ನಮ್ಮನ್ನು ಒಪ್ಪಿಸಿಕೊಳ್ಳಬೇಕು, ಅದನ್ನು ಯಾರು ಯಾವ ಹೆಸರಿನಿಂದಾದರೂ ಕರೆಯಲಿ ಎನ್ನುತ್ತಿದ್ದರು. ಗಿಡ್ಡಯ್ಯನಿಗೆ ಅದು ಕಷ್ಟವೇ ಅಲ್ಲ. “ನಂಗೆ ಕಟ್ಟೆಯಮ್ಮ ಅವ್ಳೆ. ನಾನು ಬುಡ್ತೀನಿ ಅಂತ ಎಲ್ಲರ ಮುಂದೆ ಹೇಳವ್ಳೆ,” ಎಂದು ಪ್ರತಿ ವಾರ ಹೇಳಿ ಕೂರುತ್ತಿದ್ದ. ಒಂದು ವಾರ ಶ್ರೀನಿವಾಸ್ ರೇಗಿದರು.

“ವಾರ ವಾರ ಅದನ್ನೇ ಹೇಳ್ತೀಯಲ್ಲ, ಹೇಳೋವಾಗ ಯಾಕೆ ನೆಲ ನೋಡ್ತೀಯಾ? ನಾನು ಕಂಡಕ್ಟರ್ ಆಗಿದ್ದೋನು ಕಣಯ್ಯ. ಟಿಕೆಟ್ ಇಲ್ದೆ ಕೂತೋನ ಮುಖ ಹಿಂದಿನ ಸೀಟಲ್ಲಿದ್ರೂ ನಂಗೆ ಗೊತ್ತಾಗುತ್ತೆ.”

ಮುಂದಿನ ಭಾನುವಾರ ಗಿಡ್ಡಯ್ಯ ಹೋಗಲಿಲ್ಲ. ಆಮೇಲಿನ ಭಾನುವಾರವೂ ಇಲ್ಲ. ಫೋನ್ ಎತ್ತಲಿಲ್ಲ. ಸಿದ್ದಕ್ಕ ಬೈದಳು, ತಿಮ್ಮಯ್ಯ ಬೈದ. ಅವನು ಇನ್ನೂ ಕುಡಿದಿರಲಿಲ್ಲ, ಆದರೆ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಬ್ರಾಂದಿ ಅಂಗಡಿಯ ಎದುರು ಸುಮ್ಮನೆ ನಿಂತಿದ್ದನ್ನು ಜನ ಕಂಡು ಬಂದು ಹೇಳಿದರು. ಯುಗಾದಿ ಹತ್ತಿರ ಬರುತ್ತಿತ್ತು.

ಶ್ರೀನಿವಾಸ್ ಬಸ್ ಹಿಡಿದು ಅವನು ಕೆಲಸ ಮಾಡುತ್ತಿದ್ದ ತೋಟಕ್ಕೇ ಬಂದರು. ಬಿಸಿಲಿನಲ್ಲಿ ಮಟ್ಟೆಯ ರಾಶಿ ದಾಟಿ ಬರುವಾಗ ಎಡವಿ, ಪ್ಯಾಂಟಿನ ತುಂಬ ನಾರು ಮೆತ್ತಿಕೊಂಡು, ಬೈಯುತ್ತಲೇ ಬಂದರು. “ನಿನ್ನ ಹುಡುಕ್ಕೊಂಡು ಎರಡು ಬಸ್ ಬದಲಾಯಿಸಿ ಬಂದಿದ್ದೀನಿ. ಕುಡಿದಿದ್ದೀಯಾ?”

“ಇಲ್ಲ.”

“ಮತ್ತೆ ಏನಾಗಿದೆ ನಿಂಗೆ?”

ಗಿಡ್ಡಯ್ಯ ಮೊನೆಗೆ ಇನ್ನೊಂದು ಕಾಯಿ ಕುಕ್ಕಿದ, ತಿರುಚಲಿಲ್ಲ. ತಿಮ್ಮಯ್ಯ ದೂರದಲ್ಲಿ ಗಾಡಿಗೆ ಮಟ್ಟೆ ತುಂಬುತ್ತಿದ್ದ. ಅವನಿಗೆ ಕೇಳಿಸದಂತೆ ಗಿಡ್ಡಯ್ಯ ಹೇಳಿದ: “ಅವತ್ತು ಅಮ್ಮ ನಡೀಲಿಲ್ಲ ಸಾರ್. ನಾನು ನಡೆದೆ.”

ಶ್ರೀನಿವಾಸರಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಸಿದ್ದಕ್ಕ ಕೇಳಿದಾಗ ಅಡ್ಡೆ ಕದಲದೆ ನಿಂತದ್ದು, ಅವಳು ಕೈ ಇಳಿಸದೆ ಅತ್ತದ್ದು, ಅದನ್ನು ನೋಡಲಾಗದೆ ತಾನೇ ಹೆಜ್ಜೆ ಮುಂದಿಟ್ಟದ್ದು. ಹುಟ್ಟಿದಾಗಿನಿಂದ ಅಂಥ ಕೆಲಸ ಮಾಡಿದವನಲ್ಲ. ಅಮ್ಮನ ಬಾಯಲ್ಲಿ ತಾನು ಸುಳ್ಳು ಹೇಳಿಸಿದೆ, ಆ ಸುಳ್ಳನ್ನೇ ಹಿಡಿದುಕೊಂಡು ಕುಡಿದೆ, ಈಗ ಅದನ್ನೇ ಹಿಡಿದುಕೊಂಡು ಬಿಡಲು ಹೊರಟಿದ್ದೇನೆ ಎಂದ.

“ಇದನ್ನ ನನಗೆ ಹೇಳಿದ್ದು ಸರಿ. ಹೇಳಬೇಕಾದೋರು ನಾನಲ್ಲ,” ಎಂದರು ಶ್ರೀನಿವಾಸ್.

“ಹೇಳಿದ್ರೆ ಗಳು ಹೋಗ್ತದೆ ಸಾರ್.”

“ಹೇಳದೆ ಇಟ್ಕೊಂಡ್ರೆ ಮತ್ತೆ ಕುಡೀತೀಯಾ. ಅಂಗಡಿ ಮುಂದೆ ಹೋಗಿ ನಿಂತಿದ್ದೆಯಂತೆ, ಮೆರವಣಿಗೆ ನೋಡೋಕಾ?” ಪ್ಯಾಂಟಿನ ನಾರು ಕೊಡವಿಕೊಂಡು ಅವರು ಬಸ್ಸಿಗೆ ಹೋದರು.

ಯುಗಾದಿಗೆ ಮುಂಚಿನ ಮಂಗಳವಾರ ಗಂಗಾಧರಯ್ಯನವರು ಎಲ್ಲರ ಮುಂದೆ ಗಿಡ್ಡಯ್ಯನನ್ನು ಕರೆದರು. ಮೀಟಿಂಗಿಗೆ ಹೋಗುವುದು, ಕುಡಿಯದೆ ಇರುವುದು ಎಲ್ಲ ಅವರ ಕಿವಿಗೆ ಬಿದ್ದಿತ್ತು. “ಬಾರಪ್ಪ, ಹಬ್ಬಕ್ಕೆ ನೀನೇ ಹೆಗಲು ಕೊಡು,” ಎಂದು ಗಳಿಗೆ ಅರಿಶಿನ ಹಚ್ಚಿಸಿದರು. ಸಿದ್ದಕ್ಕನ ಮುಖ ಅರಳಿತ್ತು. ಗಿಡ್ಡಯ್ಯ ಗಳು ಮುಟ್ಟಲಿಲ್ಲ. ನಿಂತಲ್ಲೇ, ಜನರ ಎದುರು, ಅವತ್ತು ಮುಂದಕ್ಕೆ ಎಳೆದವನು ತಾನು ಎಂದು ಹೇಳಿಬಿಟ್ಟ.

ಪೂಜಾರಪ್ಪ ಕೆನ್ನೆ ಬಡಿದುಕೊಂಡರು. ಸಿದ್ದಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗ ಹಿಂದಿನಿಂದ ತಿಮ್ಮಯ್ಯನ ಸ್ವರ ಕೇಳಿಸಿತು.

“ನೀನೂನಾ?”

ಗಿಡ್ಡಯ್ಯ ತಿರುಗಿದ. “ನೀನೂನಾ ಅಂದ್ರೆ?”

“ನಾನೂ ನೂಕ್ದೆ ಕಣ್ಲಾ,” ಎಂದ ತಿಮ್ಮಯ್ಯ, ಸಿಟ್ಟಿನಿಂದಲೇ. “ಆಯಮ್ಮ ಅಳ್ತಾ ನಿಂತಿತ್ತು. ನೀನು ಗೂಟದಂಗೆ ನಿಂತಿದ್ದೆ. ನಂಗೆ ಹೊಟ್ಟೆ ಉರೀತು, ನೂಕ್ದೆ. ಅಷ್ಟು ಜೋರಾಗಿ ಯಾಕೆ ಹೋಯ್ತು ಅಂತ ಇಲ್ಲೀಗಂಟ ಯೋಚ್ನೆ ಮಾಡ್ತಾ ಇದ್ದೆ.”

ಗಂಗಾಧರಯ್ಯ ತಲೆಯ ಮೇಲೆ ಕೈಹೊತ್ತು ಜಗಲಿಯ ಮೇಲೆ ಕೂತರು. “ಹಂಗಾದ್ರೆ ಅವತ್ತು ಅಮ್ಮ ಏನಂದ್ಲು?”

“ಅಮ್ಮ ಏನೂ ಅಂದೇ ಇಲ್ಲ!” ಎಂದಳು ಸಿದ್ದಕ್ಕ. “ಇಬ್ರು ಸೇರ್ಕಂಡು ನನ್ನ ಕೈಲಿ ಮಂಡಕ್ಕಿ ಹಂಚಿಸಿದ್ರಾ?” ಅವಳ ಸಿಟ್ಟು ಎಷ್ಟಿತ್ತೆಂದರೆ ಕೆಲವರಿಗೆ ನಗು ಬಂತು, ನಗಲು ಧೈರ್ಯ ಬರಲಿಲ್ಲ.

ಗಂಗಾಧರಯ್ಯನವರ ತೀರ್ಪಿನಲ್ಲಿ ದಾಕ್ಷಿಣ್ಯವಿರಲಿಲ್ಲ. ನಿಜ ಹೇಳಿದ್ದು ಒಳ್ಳೆಯದೇ, ಆದರೆ ಕಾಲು ಎತ್ತಿಟ್ಟವರ ಹೆಗಲಿಗೆ ಅಮ್ಮನನ್ನು ಕೊಟ್ಟರೆ ನಾಳೆ ಯಾರು ಬಂದು ಕೇಳುತ್ತಾರೆ? ಮುಂದಿನ ಹೆಗಲು, ಹಿಂದಿನ ಹೆಗಲು ಎರಡೂ ಬೇರೆಯವರಿಗೆ ಹೋದವು. ತಿಮ್ಮಯ್ಯ ಮನೆಗೆ ಹೋಗುವ ದಾರಿಯುದ್ದಕ್ಕೂ, “ನೀನು ಬಾಯಿ ಬುಟ್ಟಿದ್ದಕ್ಕೆ ನಂದೂ ಹೋಯ್ತು,” ಎಂದು ಬೈದ. ಗಿಡ್ಡಯ್ಯ ಬೈಸಿಕೊಂಡ. ಅವತ್ತು ಸಂಜೆ ಅವನು ಕುಡಿಯುತ್ತಾನೆಂದು ಊರಿಗೆ ಊರೇ ಕಾದಿತ್ತು. ಅವನು ಶ್ರೀನಿವಾಸರಿಗೆ ಫೋನ್ ಮಾಡಿ, “ಗಳು ಹೋಯ್ತು ಸಾರ್,” ಎಂದ. ಆ ಕಡೆಯಿಂದ, “ಊಟ ಮಾಡು. ಮಲಗು. ಭಾನುವಾರ ಬಾ,” ಎಂಬ ಉತ್ತರ ಬಂತು. ಅವನು ಊಟ ಮಾಡಿ ಮಲಗಿದ.

ಹಬ್ಬ ಕಳೆದ ಮಂಗಳವಾರ ಹೊಸಬರು ಅಡ್ಡೆ ಹೊತ್ತರು. ಗಿಡ್ಡಯ್ಯ, ತಿಮ್ಮಯ್ಯ ಜನರ ನಡುವೆ ನಿಂತು ಅವರ ಹೆಗಲು ಸರಿಯಿಲ್ಲ, ಹೆಜ್ಜೆ ಸರಿಯಿಲ್ಲ ಎಂದು ಗೊಣಗುತ್ತಿದ್ದರು. ಹೆಂಗಸರು ಸಿದ್ದಕ್ಕನನ್ನು ಮುಂದಕ್ಕೆ ತಳ್ಳಿದರು. “ಈಗ ಕೇಳೇ, ಹೊತ್ತಿರೋರು ಬೇರೆಯೋರು. ನಿಜ ಗೊತ್ತಾಗ್ತದೆ.” ಗಿಡ್ಡಯ್ಯನ ಗೊಣಗಾಟ ನಿಂತಿತು.

ಸಿದ್ದಕ್ಕ ಅಮ್ಮನ ಎದುರು ಕೈಮುಗಿದಳು. ಅಡ್ಡೆಯನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿದಳು.

“ತಾಯಿ, ನಮ್ಮ ಎಮ್ಮೆ ಗಬ್ಬ ಆಗೈತಾ ಇಲ್ವಾ, ಹೇಳು.”

ಅಡ್ಡೆ ಹಿಂದಕ್ಕೆ ಸರಿಯಿತು. “ಅದೂ ಇಲ್ವಾ?” ಎಂದು ಅವಳು ಬೇಸರದಿಂದ ಸಾಲು ಬಿಟ್ಟು ಬಂದಳು.

ಗಿಡ್ಡಯ್ಯ ಅವಳ ಹಿಂದೆಯೇ ಬಂದು ಕೇಳಿದ, “ನನ್ನ ವಿಷ್ಯ ಯಾಕೆ ಕೇಳ್ಲಿಲ್ಲ?”

“ಹೌದು ಅಂದ್ರೆ ಅರಳಿಕಟ್ಟೆ ಮೇಲೆ ಕೂತ್ಕತೀರಾ. ಇಲ್ಲ ಅಂದ್ರೆ ಚರಂಡಿ ಪಕ್ಕ ಮಲಗ್ತೀರಾ. ಇಷ್ಟು ದಿನ ಕೇಳಿ ಕೇಳಿ ಸಾಕಾಗೈತೆ ನಂಗೆ,” ಎಂದಳು ಸಿದ್ದಕ್ಕ. “ಭಾನುವಾರ ಬಸ್ಸಿಗೆ ಹೊರಡ್ರೀ. ತಿಮ್ಮಯ್ಯಣ್ಣಂಗೆ ಈಗ್ಲೇ ಹೇಳಿಡ್ರೀ, ಆಮೇಲೆ ಅವ್ರಿಗೆ ಕೆಲ್ಸ ಐತೆ ಅಂತ ರಾಗ ತೆಗೀಬೇಡಿ.”